ರಬ್ಬರ್ ದೈತ್ಯನ ಸಾವಕಾಶ ನಡಿಗೆ

ಒಂದು ತಪ್ಪೊಪ್ಪಿಗೆ ಮಾಡಿಬಿಡುತ್ತೇನೆ. ಅರವತ್ತು ದಾಟಿ, ಕಾಲುವೆ ಆಫೀಸಿನವರಿಂದ ಹಾರ ಹಾಕಿಸಿಕೊಂಡು ಮನೆಗೆ ಬಂದ ಮೇಲೂ ನನಗೆ ಜಪಾನಿನ ಅಗ್ಗದ ದೈತ್ಯಪ್ರಾಣಿ ಸಿನಿಮಾ ಎಂದರೆ ಪ್ರಾಣ. ಸಮುದ್ರದಿಂದ ಮಹಡಿಮನೆ ಎತ್ತರದ ಹಲ್ಲಿಯೊಂದು ಎದ್ದು ಬಂದು ಊರು ತುಳಿಯುತ್ತದಲ್ಲ, ಅವೇ. ಭಾನುವಾರ ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ ಉಂಡು, ಕಿಟಕಿ ಮುಚ್ಚಿ ಅಂಥದೊಂದನ್ನು ಹಾಕಿಕೊಂಡು ಒರಗಿದರೆ, ನಿದ್ದೆ ಎಲ್ಲಿ ಮುಗಿಯಿತು, ಸಿನಿಮಾ ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ. ನನ್ನ ಹೆಂಡತಿ ಸರೋಜಾಳಿಗೆ ಇದು ಸುತರಾಂ ಸೇರದು. "ಮತ್ತ ಆ ರಬ್ಬರ್ ಹಲ್ಲಿ ಬಂತೇನ್ರಿ? ಅದರ ಬೆನ್ನಿನ ಹೊಲಿಗಿ ಬಿಚ್ಚ್ಯಾದ, ಅದನ್ನರ ನೋಡ್ರಿ!" ಎನ್ನುತ್ತಾಳೆ.

ಅವಳ ಮಾತು ಸುಳ್ಳಲ್ಲ. ವಿಮಾನ ತೂಗುಬಿಟ್ಟ ದಾರ ಕಾಣುತ್ತದೆ. ಒಂದೇ ಕಟ್ಟಡ ಮೂರು ಸಲ ಬೀಳುತ್ತದೆ. ವಿಜ್ಞಾನಿ ಬಾಯಿ ಮುಚ್ಚಿದ ಮೇಲೂ ಅವನ ಮಾತು ನಿಲ್ಲುವುದಿಲ್ಲ. ಇನ್ನು ಆ ದೈತ್ಯನೋ, ಊರು ಹಾಳುಮಾಡಲು ಬಂದವನು ತುಂಬು ಬಸುರಿಯ ಹಾಗೆ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ನಡೆಯುತ್ತಾನೆ. ಇಷ್ಟು ಸಿಟ್ಟಿದ್ದವನಿಗೆ ಇಷ್ಟು ಸಾವಕಾಶ ಯಾಕೆ ಎಂದು ನಾನೂ ಬಹಳ ದಿನ ನಕ್ಕಿದ್ದೇನೆ.

ಈ ಹುಚ್ಚು ಹತ್ತಿದ್ದು ಭೀಮರಾಯನಗುಡಿಯ ಕ್ಯಾಂಪಿನಲ್ಲಿ. ಕಾಲುವೆ ಅಗೆಯುತ್ತಿದ್ದ ಕಾಲ; ನಾನು ನಕ್ಷೆ ಬರೆಯುವ ನೌಕರ. ಬಯಲಿನಲ್ಲಿ ಬಿಳಿ ಬಟ್ಟೆ ಕಟ್ಟಿ ಸಿನಿಮಾ ತೋರಿಸುತ್ತಿದ್ದರು. ಗಾಳಿ ಬಂದರೆ ದೈತ್ಯನ ಹೊಟ್ಟೆ ಉಬ್ಬಿ ಇಳಿಯುತ್ತಿತ್ತು, ಅವನ ಹಿಂದಿನ ಸಮುದ್ರ ಹತ್ತಿಹೊಲದ ಮೇಲೆ ತೇಲಿಹೋದಂತೆ ಕಾಣುತ್ತಿತ್ತು. ನಾನು ನೋಡುತ್ತಿದ್ದುದು ಅವನ ಕಾಲ ಕೆಳಗಿನ ಆ ಪುಟ್ಟ ಊರನ್ನು. ಯಾರೋ ಪುಣ್ಯಾತ್ಮರು ಕುಳಿತು ರಟ್ಟು ಕತ್ತರಿಸಿ, ಒಂದೊಂದು ಕಿಟಕಿ, ಒಂದೊಂದು ಲೈಟಿನ ಕಂಬ ಮಾಡಿದ್ದಾರೆ, ಅದೂ ತುಳಿಸಿಕೊಳ್ಳಲಿಕ್ಕೆ! ನನಗೆ ಪಾಪ ಅನಿಸುತ್ತಿತ್ತು, ಅಂಥದೊಂದು ಮಾಡುವ ಆಸೆಯೂ ಆಗುತ್ತಿತ್ತು.

ಹಾಗಾಗಿಯೇ ಸಾಹೇಬರು ಕಾಲುವೆಯ ಮಾದರಿ ಯಾರು ಮಾಡುತ್ತೀರಿ ಎಂದಾಗ ಮೊದಲು ಕೈ ಎತ್ತಿದವನು ನಾನು. ದೊಡ್ಡ ಸಾಹೇಬರು ನೋಡಲು ಬರುವವರಿದ್ದರು. ಚೆನ್ನಾಗಾದರೆ ನನಗೆ ಬಡ್ತಿ ಎಂಬ ಮಾತಿತ್ತು. ಎರಡು ತಿಂಗಳು ಕೂತು ಷೆಡ್ಡಿನ ನೆಲದ ಮೇಲೆ ಶಹಾಪುರ, ಸುರಪುರ ಎರಡೂ ತಾಲ್ಲೂಕುಗಳನ್ನು ಮಣ್ಣು, ಸಿಮೆಂಟಿನಲ್ಲಿ ಹರಡಿದೆ. ಬಕೆಟ್ಟಿನಿಂದ ನೀರು ಬಿಟ್ಟರೆ ಬೆರಳಗಲದ ಕಾಲುವೆಯಲ್ಲಿ ಝುಳುಝುಳು ಹರಿಯುತ್ತಿತ್ತು.

ಅವರು ಬರುವ ದಿನ ಬೆಳಿಗ್ಗೆ ಕಸ ಹೊಡೆಯಲು ಬಂದ, ಹತ್ತಿರದ ಸಗರ ಊರಿನ ಭೀಮವ್ವ ಮಾದರಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ಹುಡುಕಿದಳು. "ಸಾಹೇಬ್ರ, ಸಗರ ಅದ. ನಮ್ಮ ಹೊಲ್ದಾಗಿನ ಬೇವಿನ ಗಿಡ ಎಲ್ಲದರಿ?"

"ಅಷ್ಟು ಸಣ್ಣದು ಇದರಾಗ ಬರಂಗಿಲ್ಲ, ಭೀಮವ್ವ."

"ಅಂದ್ರ ಕಾಲುವ್ಯಾಗ ಹೋತೇನ್ರಿ? ನಮ್ಮ ಮನಿಯವ್ರನ್ನ ಅದರ ಬುಡದಾಗ ಮಣ್ಣು ಮಾಡೀವ್ರಿ." ಸೆರಗು ಬಾಯಿಗೆ ಹೋಯಿತು.

ಕಾಲುವೆಯ ಗೆರೆ ಅವಳ ಹೊಲದಿಂದ ದೂರವೇ ಇತ್ತು. ನಾನು ನೌಕರಿಗೆ ಸೇರುವ ಮೊದಲೇ ಹಾಕಿದ ಗೆರೆ ಅದು. ನಕ್ಷೆ ಬಿಚ್ಚಿ ತೋರಿಸಿದೆ. "ಕಾಗದ ಬ್ಯಾಡ್ರಿ, ಇಲ್ಲಿ ಹಚ್ರಿ" ಎಂದು ಸಿಮೆಂಟಿನತ್ತ ಕೈ ಮಾಡಿದಳು. ಇಡೀ ನಾಡು ಮಾಡಿ ಒಂದು ಗಿಡ ಬಿಟ್ಟಿದ್ದೆನಲ್ಲ ಎಂದು ನನಗೂ ಕೆಡುಕೆನಿಸಿತು. ಪೊರಕೆಕಡ್ಡಿಗೆ ಹಸಿರು ಸ್ಪಂಜು ಚುಚ್ಚಿ ಗಿಡ ಮಾಡಿದೆ. ಆದರೆ ಸಗರ ಇದ್ದದ್ದು ನಟ್ಟನಡುವೆ. ದಂಡೆಯಿಂದ ಕೈ ನಿಲುಕದು. ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ ಒಳಗೆ ಇಳಿದೆ.

ಆಗ ಗೊತ್ತಾಯಿತು ನೋಡಿ, ದೈತ್ಯನ ಸಂಕಟ. ಕಾಲಡಿ ಎರಡು ತಿಂಗಳ ದುಡಿಮೆ, ಹೊಟ್ಟೆಯ ಆಚೆ ಪಾದ ಕಾಣುವುದಿಲ್ಲ, ಮೈಯೆಲ್ಲ ಬೆವರು. ಒಂದು ಹೆಜ್ಜೆ ಇಟ್ಟು ಒಂದು ನಿಮಿಷ ನಿಲ್ಲುವುದು. ದೈತ್ಯನ ಆ ರಬ್ಬರ್ ಅಂಗಿಯೊಳಗಿನ ಮನುಷ್ಯನಿಗೆ ಸಿಟ್ಟೇ ಇಲ್ಲ ಮಾರಾಯರೆ, ಅವನಿಗೆ ಇದ್ದದ್ದು ಅಂಜಿಕೆ! ಗಿಡ ಊರಿದೆ. ಭೀಮವ್ವ ಕೈ ಮುಗಿದಳು. ಹೊರಗೆ ಜೀಪು ನಿಂತಿತು.

ಗಾಬರಿಯಲ್ಲಿ ತಿರುಗಿದವನ ಹಿಮ್ಮಡಿ ಕಾಲುವೆಯ ಮೇಲೆಯೇ ಬಿತ್ತು. ಲಟಕ್! ತುಂಬಿಸಿಟ್ಟ ನೀರೆಲ್ಲ ಸುರಪುರದ ಕಡೆ ನುಗ್ಗಿತು. "ಏನ್ರೀ ಇದು!" ಎಂದು ದೊಡ್ಡ ಸಾಹೇಬರು ಬಾಗಿಲಲ್ಲೇ ಕಿರುಚಿದರು. "ಸುಮ್ನಿರ್ರಿ ಸಾಹೇಬ್ರ," ಎಂದಳು ಭೀಮವ್ವ, "ನನ್ನ ಗಿಡ ಉಳಿಸಾಕತ್ಯಾರ!"

ಬಡ್ತಿ ಆ ನೀರಿನ ಜೊತೆಗೇ ಹೋಯಿತು. ನಿಜವಾದ ಕಾಲುವೆ ಹಳೆಯ ಗೆರೆಯಲ್ಲೇ ಬಂತು, ಬೇವಿನ ಗಿಡ ಉಳಿಯಿತು. ಆದರೆ ಸಗರದಲ್ಲಿ ಕಥೆ ಬೇರೆ: "ಕಾಲಿಲೆ ಕಾಲುವಿ ಮುರದು ನನ್ನ ಗಿಡ ಉಳಿಸ್ಯಾರ" ಎಂದು ಭೀಮವ್ವ ಸಿಕ್ಕವರಿಗೆಲ್ಲ ಹೇಳುತ್ತಾಳೆ. ಮೊದಲ ವರ್ಷ ಅಲ್ಲವೆಂದು ಹೇಳಿ ನೋಡಿದೆ. ಆಮೇಲೆ ಬಿಟ್ಟೆ. ಆ ಸಿನಿಮಾಗಳಲ್ಲೂ ಹಾಗೆಯೇ: ಒಂದರಲ್ಲಿ ಊರು ತುಳಿದವನು ಮುಂದಿನದರಲ್ಲಿ ಊರು ಕಾಯುವವನಾಗಿ ಬರುತ್ತಾನೆ, ಯಾಕೆಂದು ಯಾರೂ ಕೇಳುವುದಿಲ್ಲ.

ಮೊನ್ನೆ ಭಾನುವಾರ ಸರೋಜಾ ಭೀಮವ್ವ ಕಳಿಸಿದ ಹಸಿ ತೊಗರಿಕಾಯಿ ಸುಲಿಯುತ್ತ, ಎಂದೂ ಇಲ್ಲದ್ದು, ಪರದೆಯತ್ತ ನೋಡಿದಳು. "ಇಂವ ಯಾಕ್ರಿ ಇಷ್ಟು ಸಾವಕಾಶ ನಡೀತಾನ?"

"ಮುರದೀತು ಅಂತ ಅಂಜ್ತಾನ," ಎಂದೆ.

"ಅಂಜಿ ಏನ್ ಉಪಯೋಗ್ರಿ?" ಎಂದಳು ಅವಳು, ಕಾಳು ಬುಟ್ಟಿಗೆ ಹಾಕುತ್ತ. "ನೀವೂ ಅಂಜಿಕೋತನ ಹೋದ್ರಿ, ಮುರದ ಬಂದ್ರಿ."