ಇಂಟರ್‌ವಲ್ ಆದಮೇಲೆ ಉಳಿದವರು

ಸಂತೋಷದ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಬಾರದವರಲ್ಲಿ ಎರಡು ಬಗೆ. ಮೊದಲನೆಯವರು ಅದನ್ನು ಪಕ್ಕದ ಮನೆಯವರಿಗೆ ಹೇಳಿ ಹಗುರಾಗುತ್ತಾರೆ. ಎರಡನೆಯವರಿಗೆ ಯಾವುದೋ ಪತ್ರಿಕೆಯವರು ಅಂಕಣ ಕೊಟ್ಟಿರುತ್ತಾರೆ. ನಾನು ಎರಡನೆಯ ಬಗೆಯವಳು. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಹುಬ್ಬಳ್ಳಿಯ ಒಂದು ಸಣ್ಣ ದಿನಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ನನ್ನ ಭಾವಚಿತ್ರದ ಕೆಳಗೆ ಅರ್ಧ ಪುಟ ನನ್ನದಾಗಿತ್ತು. ಸಂಪಾದಕರು ಕರೆದು ಹೇಳಿದ್ದಿಷ್ಟೇ: "ನೋಡ್ರಿ ಗಿರಿಜಾಬಾಯಾರ, ಮುಖಪುಟದಾಗ ಬರೇ ಕಳವು, ಅಪಘಾತ. ಓದಿದವರಿಗೆ ಚಹಾ ಗಂಟಲದಾಗ ಇಳೀವಲ್ದು. ಮನಸ್ಸಿಗೆ ಹಿತ ಆಗೂವಂಥಾದ್ದು ಏನರ ನೀವು ಬರೀರಿ."

ಹಿತವಾದದ್ದನ್ನು ಹುಡುಕಲು ನನಗೆ ಸಮಯವಿತ್ತು. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸುವವಳು. ಆದರೆ ಮೂಲೆಮೂಲೆಗೆ ಎಸ್‌ಟಿಡಿ ಬೂತುಗಳು ಬಂದ ಮೇಲೆ ಟ್ರಂಕ್ ಕಾಲ್ ಹಚ್ಚುವವರೇ ಇರಲಿಲ್ಲ. ಹೆಡ್‌ಫೋನ್ ತಲೆಗೇರಿಸಿಕೊಂಡು, ಮೊದಲ ಆಟ ನೋಡಿ ಬಂದ ಸಿನಿಮಾದ ಬಗ್ಗೆ ಶಾಂತವಾಗಿ ಯೋಚಿಸಬಹುದಿತ್ತು. ಅಂಕಣದ ಮೇಲಿನ ಭಾಗದಲ್ಲಿ ಆ ವಾರ ನನ್ನ ಮನಸ್ಸನ್ನು ಅರಳಿಸಿದ ಸಿನಿಮಾ, ಕ್ಯಾಸೆಟ್ಟು, ಧಾರಾವಾಹಿ; ಕೆಳಗಿನ ಭಾಗದಲ್ಲಿ ನಮ್ಮ ಮನೆಯ ಸುದ್ದಿ. ನನ್ನ ಮನಸ್ಸು ಬಹಳ ಸುಲಭವಾಗಿ ಅರಳುತ್ತಿತ್ತು. ಧಾರಾವಾಹಿಯ ಅತ್ತೆ ಕೊನೆಯ ಕಂತಿನಲ್ಲಿ ಪಶ್ಚಾತ್ತಾಪಪಟ್ಟರೆ ಅಳುತ್ತಿದ್ದೆ. ಪಡದಿದ್ದರೆ ಆಕೆಯ ದೃಢತೆಯನ್ನು ಮೆಚ್ಚಿ ಬರೆಯುತ್ತಿದ್ದೆ. ಅಂಗಡಿಯವನು ಬೇರೆ ಕ್ಯಾಸೆಟ್ ಕೊಟ್ಟು ಕಳಿಸಿದರೂ ಮನೆಗೆ ಬಂದು ಕೇಳಿ ಅದನ್ನೇ ಮೆಚ್ಚುತ್ತಿದ್ದೆ.

ಓದುಗರು ಮಾತ್ರ ಮೇಲಿನ ಭಾಗವನ್ನು ದಾಟಿ ನೇರವಾಗಿ ಕೆಳಗಿನದಕ್ಕೆ ಬರುತ್ತಿದ್ದರು. ನಮ್ಮ ಮನೆಗೆ ಮಿಕ್ಸರ್ ಬಂದದ್ದು, ಉಣಕಲ್ಲಿನ ನಮ್ಮ ಓಣಿಗೆ ನಳ ಬಂದದ್ದು, ಅದರಲ್ಲಿ ನೀರು ಬಾರದ್ದು, ಎಲ್ಲವೂ ಊರಿಗೆ ಗೊತ್ತು. ನನ್ನ ಯಜಮಾನರ ದವಡೆಹಲ್ಲು ಕಿತ್ತ ಸುದ್ದಿ ಬರೆದ ವಾರ, ಅವರು ಕೆಲಸ ಮಾಡುವ ಹತ್ತಿ ವ್ಯಾಪಾರದ ಅಂಗಡಿಗೆ ಬಂದ ರೈತರೆಲ್ಲ ಹತ್ತಿಯ ಧಾರಣೆ ಕೇಳುವ ಮೊದಲು ಅವರ ಬಾಯಿ ನೋಡಿದರಂತೆ. ಅವರು ಮೊದಲೇ ಮಿತಭಾಷಿ. ಹಲ್ಲಿನ ಸುದ್ದಿ ಅಚ್ಚಾದ ಮೇಲೆ ಚಹಾಕ್ಕೆ ಸಕ್ಕರೆ ಕಡಿಮೆಯಾಗಿದ್ದರೂ ಹೇಳುವುದನ್ನು ಬಿಟ್ಟರು. ನಾನಿದನ್ನು ದಾಂಪತ್ಯದ ಪಕ್ವತೆ ಎಂದು ತಿಳಿದು ಅದನ್ನೂ ಬರೆದೆ.

ಹೀಗೆ ಊರಿಗೆಲ್ಲ ನಮ್ಮ ಮನೆಯ ಸುದ್ದಿ ಹಂಚುತ್ತಿದ್ದ ಕಾಲದಲ್ಲೇ ಒಂದು ಶನಿವಾರ, ಅವ್ವನನ್ನೂ ತಂಗಿಯನ್ನೂ ನೋಡಿ ಬರೋಣವೆಂದು ಧಾರವಾಡದ ಬಸ್ಸು ಹತ್ತಿದೆ. ನನ್ನ ತಂಗಿ ಮಂಗಳಾ ಅಲ್ಲಿಯ ಒಂದು ಶಾಲೆಯಲ್ಲಿ ಚಿತ್ರಕಲೆಯ ಶಿಕ್ಷಕಿ. ವಯಸ್ಸು ನಲವತ್ತರ ಸಮೀಪ, ಮದುವೆಯಾಗಿರಲಿಲ್ಲ. ಅವ್ವ ಅವಳ ಜೊತೆಗಿದ್ದಳು. ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಬದನೆಕಾಯಿ ಚೀಲ ಹಿಡಿದು ಕೂತಿದ್ದ ಶಿರಗುಪ್ಪಿಯ ಹೆಣ್ಣುಮಗಳೊಬ್ಬರು ಬಹಳ ಹೊತ್ತು ನನ್ನನ್ನೇ ನೋಡಿದರು.

"ನೀವು ಪೇಪರ್‌ದಾಗ ಬರಿಯೂ ಗಿರಿಜಕ್ಕಾರ ಹೌದಲ್ರಿ?"

"ಹೌದ್ರಿ."

"ಫೋಟೋದಾಗ ತೆಳ್ಳಗ ಕಾಣ್ತೀರಿ."

"ಫೋಟೋ ಹಳೇದ್ರಿ."

"ಇರ್ಲಿ ಬಿಡ್ರಿ. ನಿಮ್ಮ ತಂಗಿ ಲಗ್ನ ಗೊತ್ತಾಗಿದ್ದು ಕೇಳಿ ಭಾಳ ಖುಷಿ ಆತ್ ನೋಡ್ರಿ. ತಾರಿಹಾಳದಾಗ ಲೇಥ್ ಮಷಿನ್ ಇಟ್ಕೊಂಡಿರೋ ಶಿವಾನಂದಣ್ಣ ಅಂದ್ರ ನಮ್ಮ ಮನೆಯವರಿಗೆ ಖಾಸಾ ಗೆಳೆಯ. ಪಾಪ, ಹೆಂಡ್ತಿ ತೀರಿಕೊಂಡು ಭಾಳ ವರ್ಷ ಆಗಿತ್ತು. ಅಲ್ರಿ, ಇಷ್ಟು ಛಲೋ ಸುದ್ದಿ, ಪೇಪರ್‌ದಾಗ ಯಾಕ ಬರೀಲಿಲ್ಲ ನೀವು?"

ನನಗಿರುವುದು ಒಬ್ಬಳೇ ತಂಗಿ. ಶಿವಾನಂದಣ್ಣ ಎಂಬ ಹೆಸರನ್ನು ನಾನು ಅಂದೇ ಮೊದಲ ಸಲ ಕೇಳಿದ್ದು. ಆದರೂ ಅಂಕಣಕಾರ್ತಿಗೆ ಒಂದು ಗಾಂಭೀರ್ಯ ಬೇಕಾಗುತ್ತದೆ.

"ಜಾಗಾ ಇರ್ಲಿಲ್ರಿ," ಎಂದೆ. ಸ್ವಲ್ಪ ಸುಧಾರಿಸಿಕೊಂಡು, "ಯಾವಾಗ ಅಂತ ಹೇಳ್ಯಾರ್ರಿ ನಿಮಗ?" ಎಂದು ಕೇಳಿದೆ.

"ಶ್ರಾವಣದಾಗ ಅಂದ್ರು. ಯಾಕ್ರಿ, ನಿಮಗ ಗೊತ್ತಿಲ್ಲೇನು?"

"ಗೊತ್ತಿಲ್ದ ಏನ್ರಿ. ನಿಮಗ ಬರೋಬ್ಬರಿ ಹೇಳ್ಯಾರೋ ಇಲ್ಲೋ ಅಂತ ಕೇಳಿದೆ."

ಧಾರವಾಡ ಬರುವವರೆಗೆ ಆಕೆ ನನ್ನ ತಂಗಿಯ ಭಾವೀ ಗಂಡನ ಗುಣಗಾನ ಮಾಡಿದರು. ನಾನು ಎಲ್ಲವೂ ಗೊತ್ತಿದ್ದವಳಂತೆ ತಲೆಯಾಡಿಸುತ್ತ, ಒಂದೊಂದನ್ನೂ ಬಾಯಿಪಾಠ ಮಾಡಿಕೊಂಡೆ. ಇಳಿಯುವಾಗ ಆಕೆ ನಾಲ್ಕು ಬದನೆಕಾಯಿ ಕೊಟ್ಟರು. ಮದುವೆಯ ಮೊದಲ ಆಹೇರು ಅದೇ ಇರಬೇಕು.

ನಾನು ಒಳಗೆ ಕಾಲಿಟ್ಟಾಗ ಅವ್ವ ಮತ್ತು ಮಂಗಳಾ ಚಾಪೆಯ ಮೇಲೆ ಇಳಕಲ್ ಸೀರೆಗಳನ್ನು ಹರಡಿಕೊಂಡು ಕೂತಿದ್ದರು. ನನ್ನನ್ನು ಕಂಡೊಡನೆ ಮಂಗಳಾ ಸರಿದು ಸೀರೆಗಳ ಮೇಲೆ ಕೂತಳು. ಅವ್ವ "ಬಿಸಿಲಿಗೆ ಹಾಕೂಣು ಅಂತ ತಗದಿದ್ವಿ" ಎಂದಳು. ಹೊರಗೆ ಮಳೆ ಬರುತ್ತಿತ್ತು.

"ಶಿವಾನಂದಣ್ಣ ಅಂದ್ರ ಯಾರು?" ಎಂದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. "ನಿನಗ ಯಾರ ಹೇಳಿದ್ರು?" ಎಂದಳು ಅವ್ವ.

"ಬದನಿಕಾಯಿ ತಂದಾಕಿ ಹೇಳಿದ್ಲು. ಶಿರಗುಪ್ಪಿಗೆಲ್ಲಾ ಗೊತ್ತೈತಿ, ನನಗ ಗೊತ್ತಿಲ್ಲ. ನಮ್ಮನಿಯವರಿಗೆ ಗೊತ್ತಾದ್ರ ಏನ್ ತಿಳ್ಕೋತಾರ?"

"ಮಾಮಾಗ ಗೊತ್ತೈತಿ," ಎಂದಳು ಮಂಗಳಾ, ಮೆಲ್ಲಗೆ. ನನ್ನ ಯಜಮಾನರನ್ನು ಅವಳು ಕರೆಯುವುದು ಹಾಗೆ. "ತಾರಿಹಾಳಕ್ಕ ಹೋಗಿ ಹುಡುಗನ್ನ ನೋಡಿ ಬಂದಾವರ ಮಾಮಾ."

ಹಿಂದಿನ ತಿಂಗಳು ಒಂದು ಭಾನುವಾರ ಪಂಪಿನ ವಾಷರ್ ತರುತ್ತೇನೆಂದು ಹೋದ ನನ್ನ ಯಜಮಾನರು ಸಂಜೆ ವಾಷರ್ ಇಲ್ಲದೆ, ಮುಖದಲ್ಲಿ ಏನೋ ಸಮಾಧಾನ ಹೊತ್ತು ಬಂದದ್ದು ನೆನಪಾಯಿತು. ನಾನು ಅಲ್ಲಿಯೇ ಹೊಸ್ತಿಲ ಮೇಲೆ ಕೂತೆ. ನಿಜಕ್ಕೂ ಕಣ್ಣಲ್ಲಿ ನೀರು ಬಂತು. ಧಾರಾವಾಹಿಗೆ ಬರುವ ನೀರಿಗಿಂತ ಇದು ಬೇರೆ ಥರದ್ದು, ಮೂಗಿನಲ್ಲಿ ಉರಿಯುತ್ತದೆ.

ಮಂಗಳಾ ಎದ್ದು ಬಂದು ನನ್ನ ಪಕ್ಕದಲ್ಲಿ ಕೂತಳು. "ಸಿಟ್ಟಾಗಬ್ಯಾಡ ಅಕ್ಕಾ. ಹ್ವಾದ ಸಲ ಗದಗಿನವರು ನೋಡಾಕ ಬಂದಾಗ ನೀ ಬರದಿದ್ದೆಲ್ಲ, 'ಬಂದವರು ನಮ್ಮ ಮಂಗಳಾ ಮಾಡಿದ ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡರು, ಶುಭವಾರ್ತೆಗೆ ಕಾಯುತ್ತಿದ್ದೇವೆ' ಅಂತ. ಅವರು ಬ್ಯಾಡ ಅಂದಿದ್ದು ನನಗೇನೂ ಅನಿಸಲಿಲ್ಲ. ಆದ್ರ ಸಾಲ್ಯಾಗ, ಬಸ್ಸಿನ್ಯಾಗ, ಕಾಯಿಪಲ್ಲೆ ಸಂತ್ಯಾಗ, ಹೋದಲ್ಲೆಲ್ಲಾ 'ಏನಾತವಾ, ಏನಂದ್ರು?' ಅಂತ ಕೇಳಾವ್ರು. ಪ್ರೀತೀಲೇ ಕೇಳ್ತಿದ್ರು. ಎಲ್ಲಾರಿಗೂ ನಾನ ಹೇಳಬೇಕಾತು, ಒಲ್ಲೆ ಅಂದ್ರು ಅಂತ. ಹೇಳಿ ಹೇಳಿ, ಆಮ್ಯಾಲ ನನಗೂ ಅನಿಸಾಕ ಹತ್ತಿತು."

ಬದನೆಕಾಯಿಗಳನ್ನು ಅವಳ ಮಡಿಲಲ್ಲಿಟ್ಟೆ. ಅಕ್ಷತೆ ಬೀಳುವವರೆಗೆ ಒಂದಕ್ಷರ ಬರೆಯುವುದಿಲ್ಲವೆಂದು ಮಾತು ಕೊಟ್ಟೆ. ಆಮೇಲೆ, ಇರಲಿ ಎಂದು, ಅವಳಿಗೂ ಶಿವಾನಂದನಿಗೂ ಎಲ್ಲಿ ಪರಿಚಯವಾಯಿತೆಂದು ಕೇಳಿದೆ. ಅವ್ವನೇ ಹೇಳಿದಳು: "ನೀ ಭಾಳ ಛಲೋ ಐತಿ ಅಂತ ಬರದಿದ್ದೆಲ್ಲ, ಆ ಬ್ಯಾಂಡ್ ಮಾಸ್ತರನ ಪಿಚ್ಚರ್. ಅಲ್ಲೇ."

ಆ ಸಿನಿಮಾ ಯಾವುದೆಂದು ತಕ್ಷಣ ಗೊತ್ತಾಯಿತು. ಒಬ್ಬ ಮೇಷ್ಟ್ರು ಜೈಲಿನಿಂದ ಬಂದ ಕಳ್ಳರಿಗೆ ಬ್ಯಾಂಡ್ ಬಾರಿಸುವುದನ್ನು ಕಲಿಸಿ ಸಜ್ಜನರನ್ನಾಗಿ ಮಾಡುತ್ತಾರೆ. ಕೊನೆಗೆ ಮೇಷ್ಟ್ರು ಸತ್ತಾಗ ಶಿಷ್ಯರು ಎಷ್ಟು ಮನಮುಟ್ಟಿ ಬಾರಿಸುತ್ತಾರೆಂದರೆ, ಮೇಷ್ಟ್ರು ಎದ್ದು ಕೂತು ತಾಳ ತಪ್ಪಿದವನನ್ನು ಬೈಯುತ್ತಾರೆ. ನಾನು ಇದಕ್ಕೆ ಅತ್ತಿದ್ದೆ. ಅಂಕಣದಲ್ಲಿ "ಬದುಕಿನಲ್ಲಿ ನಂಬಿಕೆ ಕಳೆದುಕೊಂಡವರು ತಪ್ಪದೆ ನೋಡಿ" ಎಂದು ಬರೆದಿದ್ದೆ. ಅಕ್ಕ ಬರೆದಿದ್ದಾಳಲ್ಲ ಎಂದು ಮಂಗಳಾ ಹುಬ್ಬಳ್ಳಿಗೆ ಬಂದು ಮ್ಯಾಟಿನಿಗೆ ಹೋಗಿದ್ದಳು. ತಾರಿಹಾಳದಲ್ಲಿ ಅಂದು ಕರೆಂಟಿರದ ಕಾರಣ ಲೇಥ್ ನಿಲ್ಲಿಸಿ ಶಿವಾನಂದನೂ ಬಂದಿದ್ದ. ಮೊದಲೇ ಥಿಯೇಟರಿನಲ್ಲಿ ಜನ ಬೆರಳೆಣಿಕೆಯಷ್ಟು. ಇಂಟರ್‌ವಲ್‌ನಲ್ಲಿ ಚಹಾ ಕುಡಿಯಲು ಹೋದವರು ತಿರುಗಿ ಬರಲಿಲ್ಲ. ಉಳಿದವರು ಇವರಿಬ್ಬರೇ. ಗೇಟ್‌ಕೀಪರ್ ಒಳಗೆ ಬಂದು, "ನೀವಿಬ್ರೂ ಹೋಗ್ತಿದ್ರ ಹೇಳ್ರಿ, ಮಷಿನ್ ಬಂದ್ ಮಾಡ್ತೇವಿ," ಎಂದನಂತೆ. ಮಂಗಳಾಗೆ ನೋಡುವ ಆಸೆ ಇರಬಹುದೆಂದು ಶಿವಾನಂದನೂ, ಅವನಿಗೆ ಇರಬಹುದೆಂದು ಇವಳೂ "ಇಲ್ರಿ, ನೋಡ್ತೇವಿ" ಎಂದರಂತೆ.

ಮುಂದಿನ ವಾರಗಳು ಹೇಗೆ ಕಳೆದವೆಂಬುದು ನನಗೇ ಗೊತ್ತು. ಊರನ್ನೆಲ್ಲ ಉಲ್ಲಾಸಗೊಳಿಸಲು ಹೊರಟ ಅಂಕಣ ನಿಜಕ್ಕೂ ಒಂದು ಉಲ್ಲಾಸದ ಕೆಲಸ ಮಾಡಿತ್ತು. ಅದನ್ನು ಬಿಟ್ಟು ಬೇರೆ ಏನನ್ನು ಬೇಕಾದರೂ ಬರೆಯಬಹುದಿತ್ತು. ಒಂದು ವಾರ ನಿಂಬೆಕಾಯಿ ಉಪ್ಪಿನಕಾಯಿಯ ಬಗ್ಗೆ ಬರೆದೆ. ಮುಂದಿನ ವಾರ ಅದಕ್ಕೆ ಬೂಷ್ಟು ಹಿಡಿಯಲಿಲ್ಲ ಎಂದು ಬರೆದೆ. ಸಂಪಾದಕರು, "ಮನಿ ಸುದ್ದಿ ಯಾಕೋ ಒಣಗಾಕತ್ತೈತಲ್ರಿ?" ಎಂದರು. ಓದುಗರು ದಾರಿಯಲ್ಲಿ ನಿಲ್ಲಿಸಿ, "ಎಲ್ಲಾ ಆರಾಮ ಇದ್ದೀರಲ್ರಿ?" ಎಂದು ದನಿ ತಗ್ಗಿಸಿ ಕೇಳಿದರು. ಆದರೆ ಹೀಗೊಂದು ಸಂಜೆ, ನನ್ನ ಮೌನದ ಮೇಲೆ ಭರವಸೆ ಬಂದು, ನನ್ನ ಯಜಮಾನರು ಕಪ್ಪು ಕೆಳಗಿಟ್ಟು "ಸಕ್ರಿ ಕಡಿಮಿ ಆಗೇತಿ" ಎಂದರು. ಎಷ್ಟೋ ತಿಂಗಳ ನಂತರ ಬಂದ ಆ ಮಾತಿಗೆ ನನಗಾದ ಸಂತೋಷವನ್ನು ಯಾರಿಗೂ ಹೇಳಲಿಲ್ಲ. ಇನ್ನೆರಡು ಚಮಚ ಹಾಕಿದೆ.

ಶ್ರಾವಣದಲ್ಲಿ ಧಾರವಾಡದ ಒಂದು ಮಠದಲ್ಲಿ ಮದುವೆ ಸರಳವಾಗಿ ಆಯಿತು. ಶಿವಾನಂದ ನಾಚಿಕೆಯ ಮನುಷ್ಯ. ಎಷ್ಟು ತಿಕ್ಕಿ ತೊಳೆದರೂ ಉಗುರಿನ ಸಂದಿಯಲ್ಲಿ ಲೇಥಿನ ಎಣ್ಣೆ ಉಳಿದಿತ್ತು. ಮಂಗಳಾ ಅವನ ಪಕ್ಕದಲ್ಲಿ ಕೂತು ಏನೋ ಹೇಳಿ ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ನಾನು ನೋಡಿ ಬಹಳ ಕಾಲವಾಗಿತ್ತು. ಊಟಕ್ಕೆ ಕೂತಾಗ ಅವಳೇ, "ಈಗ ಬರಿ ಅಕ್ಕಾ, ಏನ್ ಬೇಕಾದ್ದು ಬರಿ," ಎಂದಳು. ಅನುಮತಿ ಸಿಕ್ಕ ಕೂಡಲೇ ನಾನು ಮದುಮಗನಿಗೆ ಗೋದಿಹುಗ್ಗಿ ಬಡಿಸುತ್ತ ಮುಖ್ಯ ಪ್ರಶ್ನೆ ಕೇಳಿದೆ: "ಪಿಚ್ಚರ್ ಹೆಂಗ ಅನಿಸ್ತ್ರಿ ನಿಮಗ?"

ಅವನು ಮಂಗಳಾಳ ಮುಖ ನೋಡಿದ. ಆಮೇಲೆ ಎಲೆ ನೋಡಿದ. "ಖರೇ ಹೇಳ್ಲೇನ್ರಿ ಅಕ್ಕಾರ?"

"ಹೇಳ್ರಿ."

"ಛಲೋ ಇದ್ದಿದ್ರ ನೋಡ್ಕೋತ ಕುಂದರ್ತಿದ್ವಿ ಅಲ್ರಿ. ಮಾತಾಡ್ತಿದ್ದಿಲ್ಲ."

ಆ ಭಾನುವಾರ ಎಲ್ಲವನ್ನೂ ಬರೆದೆ, ಅವನ ಮಾತನ್ನೂ ಬಿಡದೆ. ಪತ್ರಿಕೆಗೆ ಎಂದೂ ಬಾರದಷ್ಟು ಮೆಚ್ಚುಗೆ ಬಂತು. ಅದಾಗಿ ಕೆಲವು ದಿನಗಳ ಮೇಲೆ ನಮ್ಮ ಓಣಿಯ ಕಿರಾಣಿ ಅಂಗಡಿಯ ಕಾಕಾ ನಮ್ಮ ಮನೆಗೇ ಬಂದರು. ಅವರ ಹಿರಿಯ ಮಗನಿಗೆ ಎಷ್ಟು ಹುಡುಕಿದರೂ ಹೆಣ್ಣು ಕೂಡಿಬಂದಿರಲಿಲ್ಲ. ಚಹಾ ಕುಡಿದು, ಅತ್ತಿತ್ತ ನೋಡಿ, ಬಹಳ ಮರ್ಯಾದೆಯಿಂದ ಕೇಳಿದರು: "ಗಿರಿಜವ್ವಾ, ಸದ್ಯ ಊರಾಗ ಅಂಥಾ ಕೆಟ್ಟ ಪಿಚ್ಚರ್ ಮತ್ತೊಂದು ಯಾವುದರ ಹತ್ತೈತೇನವಾ?"

ನಾನು ಹಿಂದಿನ ದಿನವಷ್ಟೇ ಎರಡು ಕರವಸ್ತ್ರ ಒದ್ದೆ ಮಾಡಿಕೊಂಡು ನೋಡಿ ಬಂದಿದ್ದ ಸಿನಿಮಾದ ಹೆಸರು ಹೇಳಿದೆ.