ಹಳ್ಳದಾಚೆಗೆ ಹೋದ ಓಟು

ಚುನಾವಣೆ ಬಂತೆಂದರೆ ನಮ್ಮ ಕಡೆ ಏನಾದರೊಂದು ಎಡವಟ್ಟು ಆಗದೆ ಇರುವುದಿಲ್ಲ. ಜೀಪಿಗೆ ಮೈಕ್ ಕಟ್ಟಿಕೊಂಡು ಪ್ರಚಾರ ಕೂಗುತ್ತಲೇ ತಲೆ ನರೆತವನು ನಾನು. ಯಾರು ಬಾಡಿಗೆ ಕೊಟ್ಟರೂ ಅವರನ್ನು ಬಾಯ್ತುಂಬ ಹೊಗಳಿದ್ದೇನೆ. ಈಗ ಆ ಕೆಲಸವನ್ನು ಮೊಬೈಲುಗಳೇ ಮಾಡುತ್ತವೆ, ನನ್ನ ಮೈಕು ಇಸಳೂರಿನ ಮನೆಯ ಅಟ್ಟ ಸೇರಿದೆ. ಆ ಜೀಪಿನ ದಿನಗಳು ನೆನಪಾದರೆ ಅಟ್ಟ ಹತ್ತಿ ಅದರ ಧೂಳು ಒರೆಸಿ ಬರುತ್ತೇನೆ.

ಮೊನ್ನೆ ಮತ್ತೆ ಕ್ಷೇತ್ರಗಳ ಗಡಿ ಬದಲಾಗುತ್ತದಂತೆ ಎಂಬ ಸುದ್ದಿ ಬಂದಾಗ ನಾನು ಮೊದಲಿದ್ದ ಊರಿನಿಂದ ಟಪಾಲು ಭಟ್ಟರು ಫೋನ್ ಮಾಡಿದರು. ಅವರು ನಿವೃತ್ತ ಪೋಸ್ಟ್‌ಮ್ಯಾನ್. ಕೇಳಿದ್ದು ಒಂದೇ ಮಾತು: "ತಮಾ, ಈ ಸಲ ಆದ್ರೂ ಗೌಡ್ರನ್ನ ಈಚೆ ಬದಿಗೆ ಹಾಕ್ತ್ವಾ?"

ಗೌಡರೆಂದರೆ ಹಳ್ಳದಾಚೆಯ ಅಕ್ಕಿ ಗಿರಣಿಯವರು. ಈ ಇಬ್ಬರ ಕಥೆ ಹೇಳದೆ ನನ್ನ ಮೈಕಿನ ಕಥೆ ಮುಗಿಯುವುದಿಲ್ಲ.

ಜ್ವರದ ಮರ್ಯಾದೆ

ಭಟ್ಟರದು ಒಂದು ಪಕ್ಷ, ಗೌಡರದು ಅದಕ್ಕೆ ಎದುರಿನದು. ಆದರೆ ಓಟಿನ ದಿನ ಇಬ್ಬರೂ ಜೋಡಿಯಾಗಿಯೇ ಶಾಲೆಗೆ ಹೋಗುತ್ತಿದ್ದರು. ಪ್ರೀತಿಗೆ ಅಂದುಕೊಳ್ಳಬೇಡಿ, ಅಪನಂಬಿಕೆಗೆ. ಇವರ ಓಟಿಗೆ ಅವರ ಓಟು ವಜಾ. ಒಬ್ಬರು ತಪ್ಪಿಸಿದರೆ ಇನ್ನೊಬ್ಬರದು ಉಳಿದುಬಿಡುತ್ತದಲ್ಲ. ದಾರಿಯುದ್ದಕ್ಕೂ ಜಗಳ, ಒಳಗೆ ಹೋಗಿ ಓಟು, ಹೊರಗೆ ಬಂದು ಒಂದೇ ಸಂಚಿಯಿಂದ ಎಲೆ ಅಡಿಕೆಯ ಕವಳ.

ಒಂದು ಸಲ ಓಟಿನ ದಿನವೇ ಗೌಡರಿಗೆ ಜೋರು ಜ್ವರ. ಇನ್ನೇನು ಭಟ್ಟರ ಪಕ್ಷಕ್ಕೆ ಒಂದು ಓಟು ಲಾಭ ಎಂದು ಊರವರು ಅಂದುಕೊಂಡರೆ ಭಟ್ಟರು ಜಗಲಿ ಬಿಟ್ಟು ಏಳಲಿಲ್ಲ. ಯಾಕೆಂದು ಕೇಳಿದೆ.

"ಆನು ಇವತ್ತು ಹೋಗ್ತ್ನಿಲ್ಲೆ. ಜ್ವರ ಬಂದವ್ರನ್ನ ಸೋಲ್ಸದು ಮರ್ಯಾದಿ ಅಲ್ಲ."

ಅತ್ತ ಗೌಡರಿಗೆ ಇದು ಗೊತ್ತಿಲ್ಲ. ಭಟ್ಟರ ಓಟು ವಜಾ ಮಾಡಲೇಬೇಕೆಂದು ಕಂಬಳಿ ಹೊದ್ದು, ನಡುಗುತ್ತ, ಯಾರದೋ ಬೈಕಿನ ಹಿಂದೆ ಕೂತು ಬಂದು ಓಟು ಹಾಕಿಯೇಬಿಟ್ಟರು. ವಿಷಯ ತಿಳಿದು ಭಟ್ಟರು ಶಾಲೆಗೆ ಓಡುವ ಹೊತ್ತಿಗೆ ಗೇಟು ಹಾಕಿ ಆಗಿತ್ತು. ಆಮೇಲೆ ಎಷ್ಟೋ ವರ್ಷ, ಗೌಡರು ಸೀನಿದರೂ ಸಾಕು, ಭಟ್ಟರು "ನಾಟಕ" ಅನ್ನುತ್ತಿದ್ದರು.

ಚಹಾ ಕುಡಿಸಿದ ಊರು

ಆಮೇಲೆ ಕ್ಷೇತ್ರ ವಿಂಗಡಣೆ ಆಯಿತು. ಸಿದ್ದಾಪುರ, ಸಿರಸಿ ಒಂದು ಕಡೆ. ಸಿರಸಿ ತಾಲ್ಲೂಕಿನದೇ ಮೂಡಲ ಬದಿಯ ಊರುಗಳು ಯಲ್ಲಾಪುರದ ಕಡೆ. ನಮ್ಮಲ್ಲಿ ಗಡಿ ಬಿದ್ದದ್ದು ಹಳ್ಳದ ಮೇಲೆ. ಭಟ್ಟರು ಸಿರಸಿಗೆ ಉಳಿದರು, ಗೌಡರು ಯಲ್ಲಾಪುರಕ್ಕೆ ಹೋದರು.

ನನಗೆ ಇದೆಲ್ಲ ತಲೆಗೆ ಹತ್ತಿರಲಿಲ್ಲ. ಸಿರಸಿ ಕ್ಷೇತ್ರದ ಅಭ್ಯರ್ಥಿಯೊಬ್ಬರ ಜೀಪು ಹತ್ತಿ, ಹಳೇ ರೂಢಿಯಂತೆ ಹಳ್ಳ ದಾಟಿ ಗೌಡರ ಕೇರಿಗೆ ಹೋದೆ. ಅಂಥ ಸ್ವಾಗತ ಹಿಂದೆಂದೂ ಸಿಕ್ಕಿರಲಿಲ್ಲ. ಜನ ಕಟ್ಟೆಯ ಮೇಲೆ ಕೂತು ಕೇಳಿದರು. ಚಹಾ ಬಂತು, ಮಂಡಕ್ಕಿ ಬಂತು. ಇನ್ನೊಮ್ಮೆ ಹೇಳಿ ಎಂದರು, ಹೇಳಿದೆ. ಗಂಟಲು ಕಟ್ಟಿ, ಮೈಕ್ ಬಿಚ್ಚಿ ಹೊರಡುವಾಗ ಗೌಡರು ಹತ್ತಿರ ಬಂದರು.

"ಚಲೋ ಹೇಳಿದ್ರಿ. ಆದ್ರ ನಾವು ಯಲ್ಲಾಪುರದವ್ರಾಗೇವ್ರಿ. ಇವ್ರಿಗೆ ಹಾಕಾಕ ಬರಂಗಿಲ್ಲ."

"ಮೊದಲೇ ಹೇಳಬಾರದಿತ್ತಾ ಗೌಡ್ರೆ?"

"ಹೇಳಿದ್ರ ನೀವು ಹೋಗಿಬಿಡ್ತಿದ್ರಿ. ಯಲ್ಲಾಪುರದವ್ರು ಇನ್ನೂ ಈ ಕಡೆ ಬಂದೇ ಇಲ್ಲ. ಮೈಕಿಲ್ಲದ ಚುನಾವಣೆ, ಉಪ್ಪಿಲ್ಲದ ಸಾರು ಆಗಿತ್ರಿ."

ವೈರಿ ಬೇಕಾಗಿದ್ದಾರೆ

ಗೌಡರ ಮುಖ ಮಾತ್ರ ಸಪ್ಪಗಿತ್ತು. ಎಂ.ಎಲ್.ಎ. ಬದಲಾದದ್ದಕ್ಕಲ್ಲ.

"ನನ್ನ ಓಟಿಗೆ ಇನ್ನ ಅರ್ಥ ಏನೈತ್ರಿ? ಯಾರದು ವಜಾ ಮಾಡ್ಲಿ? ಹತ್ತೂರು ತಿರಗತೀರಿ, ಹಳ್ಳದ ಈ ದಂಡ್ಯಾಗ ಭಟ್ರಂಥ ವೈರಿ ಒಬ್ರನ್ನ ಹುಡುಕಿ ಕೊಡ್ರಿ."

ಅವರ ಸಂಕಟ ನೋಡಲಾರದೆ ಭಟ್ಟರ ಪಕ್ಷದವರೇ ಆದ ಹೊಸ ಮಾಸ್ತರರೊಬ್ಬರನ್ನು ಗಿರಣಿಗೆ ಕರೆದುಕೊಂಡು ಹೋದೆ. ಗೌಡರು ಉತ್ಸಾಹದಿಂದ ಕುರ್ಚಿ ಹಾಕಿ, ಅವರ ಪಕ್ಷವನ್ನು ಚೆನ್ನಾಗಿ ಬೈದರು. ಮಾಸ್ತರರು ನಕ್ಕು, "ನೀವು ಹೇಳೋದೂ ಸರಿನೇ ಸರ್, ಈ ಸಲ ವಿಚಾರ ಮಾಡಬೇಕು" ಅಂದರು.

ಅವರು ಹೋದ ಮೇಲೆ ಗೌಡರು ನನ್ನನ್ನೇ ದುರುಗುಟ್ಟಿ ನೋಡಿದರು. "ವಿಚಾರ ಮಾಡ್ತಾರಂತ. ವಿಚಾರ ಮಾಡೋರ ಕೂಡ ಜಗಳ ಹೆಂಗ ಆಡೂದ್ರಿ?"

ಸಂಕದ ಮೇಲೆ

ಓಟಿನ ದಿನ ಮೈಕಿಗೆ ರಜೆ. ನಾನು ಓಟು ಹಾಕಿ ಹಳ್ಳ ದಾಟುವ ಮರದ ಕಾಲುಸಂಕದ ಹತ್ತಿರ ಕೂತಿದ್ದೆ. ಈಚೆಯಿಂದ ಭಟ್ಟರು ಒಬ್ಬರೇ ಬಂದರು. ಆಚೆಯಿಂದ ಗೌಡರು ಒಬ್ಬರೇ ಬಂದರು. ಆ ದಾರಿಯಲ್ಲಿ ಅವರನ್ನು ಒಂಟಿಯಾಗಿ ಕಂಡು ನನಗೇ ಬೇಸರವಾಯಿತು. ಇಬ್ಬರೂ ಸಂಕದ ನಡುವೆ ಕಾಲು ಇಳಿಬಿಟ್ಟು ಕೂತರು. ಸಂಚಿ ಬಿಚ್ಚಿದರು. ಭಟ್ಟರು ಅಡಿಕೆ ಕತ್ತರಿಸತೊಡಗಿದರು.

ಕೊನೆಗೆ ಗೌಡರೇ ಬಾಯಿ ಬಿಟ್ಟರು. "ಭಟ್ರ, ಇಷ್ಟು ವರ್ಷ ನಿಮ್ಮ ಓಟು ದಂಡ ಮಾಡೀನಿ. ಈ ಸಲ ಒಂದಾದ್ರೂ ಉಳೀಲಿ ಅಂತ, ನಿಮ್ಮ ಪಾರ್ಟಿಗೇ ಹಾಕಿ ಬಂದೆ."

ಭಟ್ಟರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು. "ಎಂತ ಮಾಡಿದ್ರಿ ಮಾರಾಯ್ರೆ. ನಾನು ನಿಮ್ಮ ಪಾರ್ಟಿಗೆ ಹಾಕಿ ಬಂದೆ."

ನನ್ನ ಕಣ್ಣು ಒದ್ದೆಯಾದದ್ದು ನಿಜ. ಗೌಡರು ಪಂಚೆಯ ಚುಂಗಿನಿಂದ ಮೂಗು ಒರೆಸಿಕೊಂಡರು. "ಅಂದ್ರ ಈ ಸಲಾನೂ ವಜಾ?"

"ವಜಾ," ಎಂದು ಭಟ್ಟರು ಕವಳ ಮುಂದೆ ಹಿಡಿದರು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಗೌಡರಿಗೆ ಏನೋ ಹೊಳೆದು, ಕವಳ ಕೈಯಲ್ಲೇ ಉಳಿಯಿತು. "ಅಲ್ಲ ಭಟ್ರ, ನಿಮ್ಮ ಕ್ಷೇತ್ರದಾಗ ನಿಂತಾನಲ್ಲ ನಮ್ಮ ಪಾರ್ಟಿಯವ, ಅವ ಎಂಥಾವ ಅಂತ ಗೊತ್ತೈತೇನ್ರಿ? ಅಲ್ಲಿದ್ದಿದ್ರ ನಾನೇ ಅವಗ ಹಾಕ್ತಿರಲಿಲ್ಲ."

"ಗೊತ್ತಿಲ್ದೆ ಏನು ಗೌಡ್ರೆ. ನೋಡ್ಕೊಂಡು ಒತ್ತಲಿಕ್ಕೆ ಮನಸ್ಸು ಬರಲಿಲ್ಲ. ನಿಮ್ಮನ್ನ ನೆನೆಸ್ಕೊಂಡು ಕಣ್ಣು ಮುಚ್ಚಿ ಒತ್ತಿಬಿಟ್ಟೆ."

ಗೌಡರು ಕವಳವನ್ನು ತಿರುಗಿ ಭಟ್ಟರ ಕೈಗೇ ಇಟ್ಟು ಎದ್ದು ನಿಂತರು.

"ಕಣ್ಣು ಮುಚ್ಚಿ ಒತ್ತಿದ್ರ, ಅದು ಯಾರಿಗೆ ಬಿತ್ತು ಅಂತ ಹೆಂಗ ಗೊತ್ತಾಗತೈತ್ರಿ?"