ದಪ್ಪ ಅಕ್ಷರದ ಮೇಲೊಂದು ಕಣ್ಣು

ನಮ್ಮ ಕಾಕಾ ಮನುಷ್ಯರನ್ನು ನಂಬುವುದಿಲ್ಲ ಎಂದರೆ ಅದು ಅರ್ಧಸತ್ಯ. ಅವರು ಅಕ್ಷರಗಳನ್ನೂ ನಂಬುವುದಿಲ್ಲ! ಅದರಲ್ಲೂ ದಪ್ಪಗೆ, ದುಂಡಗೆ, ಒಂದರ ಮೈಮೇಲೊಂದು ಬಿದ್ದು ಆಡುವ ಅಕ್ಷರಗಳನ್ನು ಕಂಡರೆ ಅವರ ಹುಬ್ಬು ತಾನಾಗಿ ಮೇಲೇರುತ್ತದೆ. ಧಾರವಾಡದಿಂದ ಬಂದು, ಮುಂಬೈಯ ಒಂದು ಛಾಪಖಾನೆಯಲ್ಲಿ ಕನ್ನಡದ ಕರಡು ತಿದ್ದುತ್ತಲೇ ನೌಕರಿ ಮುಗಿಸಿದವರು. ತಪ್ಪು ಹುಡುಕುವುದೇ ಹೊಟ್ಟೆಪಾಡಾಗಿದ್ದ ಮನುಷ್ಯ ನಿವೃತ್ತನಾದ ಮೇಲೆ ಏನು ಮಾಡಬೇಕು? ಊರಿನ ಬೋರ್ಡುಗಳನ್ನೆಲ್ಲ ವಿಚಾರಣೆಗೆ ಎಳೆಯಬೇಕು!

"ಅಕ್ಷರ ಅಂದ್ರ ಸುಮ್ನ ನಿಂತಿರಬೇಕವಾ. ಕುಣೀಲಿಕ್ಕೆ ಹತ್ತಿತು ಅಂದ್ರ ಹಿಂದ ಏನೋ ಮುಚ್ಚಿಟ್ಟದ ಅಂತ ತಿಳಿ."

ಪ್ರತಿ ಭಾನುವಾರ ಬೊರಿವಲಿಯಿಂದ ಲೋಕಲ್ ಹಿಡಿದು, ದಾದರಿನಲ್ಲಿ ಗಾಡಿ ಬದಲಿಸಿ, ಸಯನ್‌ನ ನಮ್ಮ ಮನೆಗೆ ಬರುತ್ತಾರೆ. ಜೇಬಿನಲ್ಲಿ ಭೂತಗನ್ನಡಿ. ಒಮ್ಮೆ ನಮ್ಮ ಬಿಲ್ಡಿಂಗಿನ ಕೆಳಗೆ ಉಡುಪಿಯವರೊಬ್ಬರು ಹೋಟೆಲು ತೆರೆದರು. ಬೋರ್ಡಿನ ತುಂಬ ಉಬ್ಬಿದ ಕೆಂಪು ಅಕ್ಷರಗಳು. ಕಾಕಾ ಐದು ನಿಮಿಷ ಅದನ್ನೇ ದಿಟ್ಟಿಸಿ, ಒಳಗೆ ಹೋಗಿ ಗಲ್ಲಾದಲ್ಲಿದ್ದವರನ್ನು ಕೇಳಿದರು:

"ಇಷ್ಟು ಉಬ್ಬ್ಯಾವಲ್ಲ, ಸೋಡಾ ಎಷ್ಟು ಹಾಕೀರಿ?"

"ಅದು ಬೋರ್ಡು ಮಾರಾಯ್ರೆ, ಇಡ್ಲಿ ಅಲ್ಲ!"

ಕಾಕಾ ಒಪ್ಪಲಿಲ್ಲ. ಇಡ್ಲಿ ತಿಂದರು, ಎರಡನೇ ಪ್ಲೇಟೂ ತಿಂದರು. ಹೊರಗೆ ಬಂದು ಹೇಳಿದ್ದೇನು? "ಇಡ್ಲಿ ಛಲೋ ಅದ. ಅದಕ್ಕ ಸಂಶಯ ಇನ್ನೂ ಜಾಸ್ತಿ ಆತು."

ನಕ್ಕುಬಿಡಬಹುದಿತ್ತು. ಆದರೆ ಈ ಮನುಷ್ಯನ ಅನುಮಾನ ಆಗಾಗ ನಿಜವಾಗುತ್ತದೆ, ಅದೇ ತೊಂದರೆ. ನಮ್ಮ ನೆಂಟರೊಬ್ಬರ ಮಗಳ ಲಗ್ನಪತ್ರಿಕೆ ಬಂತು. ಇಡೀ ಪತ್ರಿಕೆ ಅಂಥದೇ ಗುಂಡುಗುಂಡು ಅಕ್ಷರದಲ್ಲಿ, ಅದೂ ಸಣ್ಣದಾಗಿ. ಎಲ್ಲರೂ "ವಾಹ್, ಎಷ್ಟು ಮುದ್ದಾಗಿದೆ!" ಎನ್ನುತ್ತಿದ್ದಾಗ ಕಾಕಾ ಭೂತಗನ್ನಡಿ ಹಿಡಿದು ಹುಡುಗಿಯ ಅಪ್ಪನನ್ನು ಹತ್ತಿರ ಕರೆದರು.

"ಮದುಮಗಳಿಗೆ ಕೋಡು ಎಷ್ಟು ಉದ್ದ ಅವರೀ?"

ಹುಡುಗಿಯ ಹೆಸರು ಧನಲಕ್ಷ್ಮೀ. ಅಕ್ಷರದ ಕೊಬ್ಬಿನಲ್ಲಿ 'ಧ'ಕಾರದ ಕೆಳಗಿನ ಸೀಳು ಮುಚ್ಚಿಹೋಗಿ, ಪತ್ರಿಕೆಯಲ್ಲಿದ್ದವಳು ದನಲಕ್ಷ್ಮೀ! ಪತ್ರಿಕೆಗಳೆಲ್ಲ ಮತ್ತೆ ಅಚ್ಚಾದವು. ಕಾಕಾನ ಮುಖದಲ್ಲಿ ಗೆದ್ದ ಸಂತೋಷ ಇರಲಿಲ್ಲ, ಕಳ್ಳ ಸಿಕ್ಕಿದ ಸಮಾಧಾನ ಇತ್ತು.

ಇಂಥವರ ಮೊಮ್ಮಗಳಾಗಿ ನನ್ನ ಮಗಳು ಡಿಸೈನ್ ಓದಿದಳು. ಕೊನೆಯ ವರ್ಷದ ಕೆಲಸಕ್ಕೆ ಏನು ಆರಿಸಿಕೊಂಡಳು ಹೇಳಿ? ಕನ್ನಡಕ್ಕೆ ಒಂದು ದಪ್ಪನೆಯ, ತುಂಟ ಅಕ್ಷರಮಾಲೆ! ಕನ್ನಡ ಮಾತಾಡಲು ತಡವರಿಸುವವಳು ಅಕ್ಷರಗಳನ್ನು ಮಾತ್ರ ಪ್ರೀತಿಯಿಂದ ಬರೆದಿದ್ದಳು. ಅಂಗೈಯಗಲದ ಅಕ್ಷರಗಳನ್ನು ಅಚ್ಚು ಹಾಕಿಸಿ ತಂದು ಅಜ್ಜನ ಮುಂದೆ ಹರಡಿದಳು. ಕಾಕಾ ಒಂದೊಂದನ್ನೇ ತಿರುಗಿಸಿ ನೋಡಿ 'ಠ'ದ ಹತ್ತಿರ ನಿಂತರು.

"ಇದು ನಗ್ತದ. ಯಾಕ ನಗ್ತದ?"

"ಅಜ್ಜಾ, ಅದು... ಬಸ್, ಸುಮ್ನೆ ಖುಷಿಯಲ್ಲಿ ಇದೆ."

"ಕಾರಣ ಇಲ್ಲದ ನಗೋ ಅಕ್ಷರ ನಾ ನೋಡಿಲ್ಲ."

"ಓದೋದಕ್ಕೆ ಅಲ್ಲ ಅಜ್ಜಾ. ದೊಡ್ಡ ಹೆಸರು, ಪೋಸ್ಟರ್... ಅಷ್ಟೇ. ಪಕ್ಕಾ."

ಕಾಕಾ ಪೆನ್ಸಿಲ್ ತೆಗೆದು 'ಧ'ದ ಕೆಳಗೊಂದು ಗೆರೆ ಎಳೆದರು. "ಮಹಾಪ್ರಾಣ ಅದು. ಉಸಿರಾಡ್ಲಿಕ್ಕೆ ಜಾಗಾ ಬಿಡು." ಆಮೇಲೆ ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. "ತನಿಖಿ ಮಾಡೋದದ."

ಮುಂದಿನ ಭಾನುವಾರ ಇನ್ನಷ್ಟು ಹಾಳೆ ಒಯ್ದರು. ಅದರ ಮುಂದಿನ ಭಾನುವಾರ ಮತ್ತಷ್ಟು. ಒಂದೂ ವಾಪಸು ಬರಲಿಲ್ಲ. "ಅಜ್ಜನಿಗೆ ಇಷ್ಟ ಆಗಲಿಲ್ಲ ಅಲ್ವಾ?" ಎಂದು ಮಗಳು ಬೇಸರಪಟ್ಟಳು. ಸಲ್ಲಿಸಲು ಒಂದೇ ವಾರ ಉಳಿದಿತ್ತು. ಆಗ ಅನುಮಾನದ ಸರದಿ ನನ್ನದಾಯಿತು. ಕಾಲೇಜಿಗೆ ದೂರು ಬರೆಯುತ್ತಿದ್ದಾರೆಯೇ? ಧಾರವಾಡದ ಬಸ್ಸಿನ ಬೋರ್ಡಿನಲ್ಲಿ ಒಂದು ಕೊಂಬು ತಪ್ಪಿದ್ದಕ್ಕೆ ಮೂರು ಪುಟ ಬರೆದ ಮಹಾನುಭಾವರು!

ಶನಿವಾರ ಬೆಳಿಗ್ಗೆ ಹೇಳದೆ ಕೇಳದೆ ಮಗಳನ್ನು ಕರೆದುಕೊಂಡು ಬೊರಿವಲಿಗೆ ಹೋದೆ. ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಒಂದು ಸದ್ದು ಬಂತು. ನಗು! ನಾನು ಹೊಸ್ತಿಲಲ್ಲೇ ನಿಂತೆ.

ಕಾಕಾನ ಹೆಂಡತಿ, ನಮ್ಮ ಕಾಕುವಿಗೆ ಲಕ್ವ ಹೊಡೆದು ಏಳು ತಿಂಗಳಾಗಿತ್ತು. ಅಂದಿನಿಂದ ಅವರು ಒಂದು ಮಾತೂ ಆಡಿರಲಿಲ್ಲ, ನಗುವುದಂತೂ ದೂರ. ಈಗ ದಿಂಬಿಗೆ ಒರಗಿ ಕೂತಿದ್ದರು. ಗೋಡೆಯ ತುಂಬ ನನ್ನ ಮಗಳ ದಪ್ಪ ಅಕ್ಷರಗಳು ಅಂಟಿದ್ದವು. ಹಾಸಿಗೆಯ ಪಕ್ಕದಲ್ಲಿ ಕಾಕಾ 'ಠ' ಹಿಡಿದುಕೊಂಡು ಕೇಳುತ್ತಿದ್ದರು, "ಇದು ಯಾರು? ಹೇಳು ನೋಡೋಣು."

ಕಾಕು ಸರಿಯಿದ್ದ ಕೈಯನ್ನು ನಿಧಾನವಾಗಿ ಎತ್ತಿ ಆ ದುಂಡು ಅಕ್ಷರವನ್ನು ತೋರಿಸಿದರು. ಆಮೇಲೆ ಅದೇ ಬೆರಳಿಂದ ಕಾಕಾನ ಬೋಳು ತಲೆಯನ್ನು ತೋರಿಸಿದರು.

"ನೀ... ನೀವು," ಎಂದರು. ಮತ್ತೆ ನಕ್ಕರು.

ಮಗಳು ನನ್ನ ಸೆರಗು ಹಿಡಿದುಕೊಂಡಳು. ಕಾಕಾ ನಮ್ಮನ್ನು ನೋಡಲಿಲ್ಲ. ಅವಸರದಲ್ಲಿ ಇನ್ನೊಂದು ಹಾಳೆ ಎತ್ತಿ ಹಿಡಿದರು. ಕಣ್ಣು ಮಾತ್ರ ಕಾಕುವಿನ ಮುಖ ಬಿಟ್ಟು ಕದಲಲಿಲ್ಲ.

ಹಾಳೆ ತಲೆಕೆಳಗಾಗಿತ್ತು. ಜೀವಮಾನವೆಲ್ಲ ಕರಡು ತಿದ್ದಿದ ಮನುಷ್ಯನಿಗೆ ಅದು ಕಾಣಲೇ ಇಲ್ಲ.